ಹೆಸರು ಕೆತ್ತಿಸಲು ಕುಂದಗೋಳಕ್ಕೆ

ಹುಬ್ಬಳ್ಳಿಯಲ್ಲಿ ನಾವು ಕಟ್ಟಿಸಿದ ಚಿಕ್ಕ ಮನೆಗೆ ಬಾಗಿಲು, ಕಿಟಕಿ, ಸುಣ್ಣ, ಬಣ್ಣ ಎಲ್ಲವೂ ಆಗಿ, ಹೆಸರಿನ ಹಲಗೆಯೊಂದು ಮಾತ್ರ ಉಳಿದಿತ್ತು. ಹೆಸರು ಯಾವುದೆಂಬ ಚರ್ಚೆ ನಮ್ಮಲ್ಲಿ ಹುಟ್ಟಲೇ ಇಲ್ಲ. ತಾಯಿಯಿಲ್ಲದ ನನ್ನನ್ನು ಸಾಕಿ, ಓದಿಸಿ, ಮನುಷ್ಯನನ್ನಾಗಿ ಮಾಡಿದವಳು ನನ್ನ ಅಜ್ಜಿ. ಮನೆಗೆ ಅವಳ ಹೆಸರೇ ಎಂದು ಎಂದೋ ನಿಶ್ಚಯವಾಗಿತ್ತು. ಚರ್ಚೆ ಎದ್ದದ್ದು ಹಲಗೆಯ ವಿಷಯದಲ್ಲಿ.

ಪೇಟೆಯ ಅಂಗಡಿಗಳಲ್ಲಿ ಯಂತ್ರದಿಂದ ಕತ್ತರಿಸಿದ ಪ್ಲಾಸ್ಟಿಕ್ ಅಕ್ಷರಗಳು ಒಂದೇ ದಿನದಲ್ಲಿ ಸಿದ್ಧವಾಗುತ್ತವೆ. "ಓದ್ಲಿಕ್ಕೆ ಬಂದ್ರ ಸಾಕಲ್ರೀ, ಇನ್ನೇನು ಬೇಕು?" ಎಂದಳು ನನ್ನ ಹೆಂಡತಿ. ಆ ಮಾತೇ ನನ್ನ ಮನಸ್ಸಿಗೆ ನಾಟಿತು. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಜೀವಮಾನವಿಡೀ ಹೆಬ್ಬೆಟ್ಟೊತ್ತಿದವಳ ಹೆಸರನ್ನು ಅವಳೇ ಓದಲಾರದ ರೀತಿಯಲ್ಲಿ ಬಾಗಿಲ ಮೇಲೆ ತೂಗಹಾಕುವುದೇ?

ಕುಂದಗೋಳದಲ್ಲಿ ಕೈಕೆತ್ತನೆಯ ಬಡಿಗರೊಬ್ಬರು ಇದ್ದಾರೆಂದು ಸ್ನೇಹಿತರು ಹೇಳಿದರು. ಶ್ರಾವಣ ಮುಗಿದ ಮೇಲಿನ ಒಂದು ಆದಿತ್ಯವಾರ ನಾನು, ನನ್ನ ಹೆಂಡತಿ, ಹತ್ತು ವರ್ಷದ ಮಗಳು ಮೂವರೂ ದಾವಣಗೆರೆಯ ಕಡೆಗೆ ಹೋಗುವ ರೈಲನ್ನು ಹತ್ತಿದೆವು. ದಾರಿ ಸುಮಾರು 20 ಕಿಲೋಮೀಟರು. ಎರಡೂ ಬದಿಗೆ ಎರೆಭೂಮಿ. ಹತ್ತಿ, ಮೆಣಸಿನಕಾಯಿಯ ಹಸುರು. ಗಂಗೂಬಾಯಿ ಹಾನಗಲ್ ಅವರು ಸಂಗೀತ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿಯೇ ಹೋಗಿಬರುತ್ತಿದ್ದರೆಂಬುದನ್ನು ಮಗಳಿಗೆ ಹೇಳಿದೆ. ಅವರ ಗುರು ಸವಾಯಿ ಗಂಧರ್ವರು, ಎಂದರೆ ರಾಮಭಾವು ಕುಂದಗೋಳಕರ, 1886ರಲ್ಲಿ ಹುಟ್ಟಿ 1952ರಲ್ಲಿ ತೀರಿಕೊಂಡರು. ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಇದೇ ಊರಿನ ಗುರುಗೃಹದಲ್ಲಿ ನೀರು ಹೊತ್ತು ವಿದ್ಯೆ ಸಂಪಾದಿಸಿದರು. ಸ್ವಾತಂತ್ರ್ಯ ಬರುವವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಸಣ್ಣ ಊರಿನ ಹೆಸರು ನಾಡೆಲ್ಲ ಹಬ್ಬಿದ್ದು ಕೊರಳಿನಿಂದ.

ಆದರೆ ಅದಕ್ಕೂ ಒಂಬತ್ತು ಶತಮಾನಗಳ ಹಿಂದೆಯೇ ಇಲ್ಲಿ ಚಾಣದ ಸದ್ದು ಕೇಳಿಸಿತ್ತು. ಬಡಿಗರ ಮನೆಗೆ ಹೋಗುವ ಮೊದಲು ನಾವು ಶಂಭುಲಿಂಗ ದೇವರ ದರ್ಶನಕ್ಕೆ ಹೋದೆವು. ಕಲ್ಯಾಣ ಚಾಲುಕ್ಯರ ಕಾಲದ, 11ನೆಯ ಶತಮಾನದ ಗುಡಿ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟೊಡನೆ ಕಂಬಗಳ ತಂಪು ಮೈಗೆ ಸೋಕಿತು.

ಬಾದಾಮಿ, ಪಟ್ಟದಕಲ್ಲುಗಳ ಹಳೆಯ ಗುಡಿಗಳು ಮರಳುಗಲ್ಲಿನವು. ಆ ಕಲ್ಲು ದಪ್ಪ ಕಣದ್ದು. ತೀರ ಸೂಕ್ಷ್ಮವಾಗಿ ಕೆತ್ತಹೋದರೆ ಉದುರುತ್ತದೆ. 11ನೆಯ ಶತಮಾನದ ನಡುವಿನಲ್ಲಿ ಈ ಸೀಮೆಯ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿದರು. 1050ರ ಸುಮಾರಿನ ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ಈ ಮಾರ್ಪಾಟಿನ ಆರಂಭವೆಂದು ಪಂಡಿತರು ಗುರುತಿಸಿದ್ದಾರೆ. ಈ ಕಲ್ಲು ನಯವಾದುದು, ಉಳಿಗೆ ಒಗ್ಗುವಂಥದು. ಅದನ್ನು ಕುಂಬಾರನ ತಿಗರಿಯ ಮೇಲಿನ ಮಣ್ಣಿನಂತೆ ತಿರುಗಿಸಿ, ಕಂಬಕ್ಕೆ ಉಂಗುರ, ಕುತ್ತಿಗೆ, ಗಂಟೆಗಳ ಆಕಾರವನ್ನು ಕೊಟ್ಟರು. ಕಡೆದ ಕಂಬಗಳೆಂದು ಜನರು ಇಂದಿಗೂ ಕರೆಯುವುದು ಅವನ್ನೇ. ಕಲ್ಲನ್ನು ಕೆತ್ತಿಬಿಟ್ಟರೆ ಅರ್ಧ ಕೆಲಸವಾಯಿತು. ಮಿಕ್ಕ ಅರ್ಧವನ್ನು ಬೆಳಕು ಮಾಡುತ್ತದೆ. ತಗ್ಗಿನಲ್ಲಿ ನೆರಳು ನಿಂತು, ಉಬ್ಬಿನ ಮೇಲೆ ಬಿಸಿಲು ಹರಿದಾಗಲೇ ಕೆತ್ತನೆ ಕಣ್ಣಿಗೆ ಕಾಣುವುದು.

ಗುಡಿಯ ಕಟ್ಟೆಯ ಮೇಲೆ ಕುಳಿತಾಗ ನನಗೆ ನವಲಗುಂದ ಸೀಮೆಯ ನಮ್ಮ ಹಳ್ಳಿ ನೆನಪಾಯಿತು. ಊರ ಅಗಸೆಯ ಬಳಿ ಒಂದು ವೀರಗಲ್ಲು. ಸಣ್ಣವನಾಗಿದ್ದಾಗ ಅಜ್ಜಿ ನನ್ನನ್ನು ಅದರ ಮುಂದೆ ನಿಲ್ಲಿಸಿ ಬೆರಳಿಟ್ಟು ತೋರಿಸುತ್ತಿದ್ದಳು. ಪುಸ್ತಕವನ್ನು ನಾವು ಮೇಲಿನಿಂದ ಓದುತ್ತೇವೆ. ವೀರಗಲ್ಲನ್ನು ಕೆಳಗಿನಿಂದ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾಳಗ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವ ದೃಶ್ಯ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿದ್ದಾನೆ. "ದನಾ ಬಿಡಿಸಾಕ ಹೋಗಿ ಸತ್ತಾಂವ, ಶಿವನ ಹಂತ್ಯಾಕ ಹೋಗ್ಯಾನ ನೋಡಪ್ಪಾ" ಎನ್ನುತ್ತಿದ್ದಳು. ಒಂದಕ್ಷರವನ್ನೂ ಅರಿಯದವಳು ಇಡೀ ಕಲ್ಲನ್ನು ಓದಿ ಮುಗಿಸುತ್ತಿದ್ದಳು!

ನಮ್ಮ ಹಿರಿಯರ ಶಾಸನಗಳೂ ಹಾಗೆಯೇ. ಬರಹದ ಮೇಲ್ತುದಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು. ಸೂರ್ಯಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂಬುದು ಅದರ ತಾತ್ಪರ್ಯ. ಸಾಲುಗಳನ್ನು ಓದುವವರು ಊರಿಗೆ ಒಬ್ಬರೋ ಇಬ್ಬರೋ. ಆದರೆ ಅಲ್ಲಿ ದಾನವಾಗಿದೆ, ಕೆಡಿಸಬಾರದು ಎಂಬುದು ದನ ಕಾಯುವ ಹುಡುಗನಿಗೂ ತಿಳಿಯುತ್ತಿತ್ತು. ಓದಬಲ್ಲವನಿಗೆ ಅಕ್ಷರ, ಓದಲಾರದವನಿಗೆ ಆಕೃತಿ. ಕಲ್ಲು ಇಬ್ಬರನ್ನೂ ಮಾತನಾಡಿಸಿಯೇ ಕಳುಹಿಸುತ್ತಿತ್ತು.

ಬಡಿಗರ ಮನೆಯ ಪಡಸಾಲೆಯೇ ಅವರ ಕಾರ್ಖಾನೆ. ಅರವತ್ತು ದಾಟಿದ ಹಿರಿಯರು. ನೆಲದ ತುಂಬ ಸಾಗವಾನಿಯ ಹೊಟ್ಟು. ಗೋಡೆಗೆ ಸಾಲಾಗಿ ಉಳಿಗಳು, ಅಗಲದವು, ಮೊನಚಾದವು, ಉಗುರಿನಂತೆ ಬಾಗಿದವು. "ಬರ್ರಿ ಸಾಹೇಬ್ರ, ಅವ್ವಾರ ಕುಂದರ್ರಿ" ಎಂದು ಚಾಪೆ ಹಾಸಿ, ನೀರು ಕೊಟ್ಟು, ಅನಂತರ ಕೆಲಸದ ಮಾತಿಗೆ ಬಂದರು.

ಅಕ್ಷರ ಕೆತ್ತುವುದರಲ್ಲಿ ಎರಡು ಬಗೆ. ಅಕ್ಷರವನ್ನೇ ತಗ್ಗಾಗಿ ಕೊರೆಯುವುದು ಒಂದು. ಸುತ್ತಲಿನ ಮರವನ್ನು ತೆಗೆದು ಅಕ್ಷರವನ್ನು ಉಬ್ಬಾಗಿ ಉಳಿಸುವುದು ಇನ್ನೊಂದು. ಎರಡನೆಯದು ಹೆಚ್ಚು ದುಡಿತದ್ದು. ಕಾಗದದ ಮೇಲೆ ಬರೆದ ಅಕ್ಷರವನ್ನು ಹಲಗೆಗೆ ಅಂಟಿಸಿ, ಮೊದಲು ಅಂಚನ್ನು ಕಚ್ಚುಹಾಕಿ, ಆಮೇಲೆ ನೆಲವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಕನ್ನಡದ ಅಕ್ಷರಗಳೆಲ್ಲ ದುಂಡು. ಮರದ ಎಳೆ ನೇರ. ದುಂಡು ತಿರುಗುವಲ್ಲಿ ಉಳಿ ಎಳೆಗೆ ಎದುರಾಗಿ ಬಿದ್ದರೆ ತಲೆಕಟ್ಟೇ ಸೀಳಿಹೋಗುತ್ತದೆ. ಅಕ್ಷರದ ಗೋಡೆ ಕೆಳಗೆ ಕೊಂಚ ಅಗಲವಾಗಿರಬೇಕು. ನೆಟ್ಟಗೆ ಕಡಿದರೆ ಮಳೆಗಾಲ ಬೇಸಗೆಗಳಿಗೆ ತುದಿ ಮುರಿಯುತ್ತದೆ.

"ಯಂತ್ರ ಬಂದಾವಲ್ರೀ, ಕೆಲಸಾ ಕಡಿಮಿ ಆತೇನು?" ಎಂದು ಕೇಳಿದೆ.

"ಕಡಿಮಿ ಆಗೇತ್ರಿ. ನನ್ನ ಮಗಾನ ಹುಬ್ಬಳ್ಯಾಗ ಅಂಥಾ ಯಂತ್ರದ ಮ್ಯಾಲ ಕೆಲಸಾ ಮಾಡ್ತಾನ್ರಿ. ಯಂತ್ರಕ್ಕ ಬೈಯಾಂಗಿಲ್ಲ, ಅವನ ಹೊಟ್ಟಿ ತುಂಬಸ್ತೈತಿ. ಆದ್ರ ಅದಕ್ಕ ಹೇಳಿದ್ದಷ್ಟ ಮಾಡತೈತಿ. ನಾ ಮಾಡೂವಾಗ ಮರಾನೂ ಒಂದ ಮಾತು ಹೇಳತೈತ್ರಿ."

ಈ ಮಾತನ್ನು ಅವರು ಅಳುತ್ತ ಹೇಳಲಿಲ್ಲ, ನಗುತ್ತ ಹೇಳಿದರು. ಆದರೆ ಗೋಡೆಯ ಮೇಲಿನ ಉಳಿಗಳನ್ನು ಅವರ ಅನಂತರ ಹಿಡಿಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿಯ ಹೆಸರನ್ನು ಬರೆದುಕೊಟ್ಟೆ. "ಬರೇ ಹೆಸರೋ, ಏನರ ಚಿತ್ರಾನೂ ಬೇಕೋ?" ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆಯೊಳಗೆ ತಿಳಿಸುವೆನೆಂದು ಎದ್ದೆವು.

ಮಗಳಿಗೆ ತೋರಿಸಬೇಕೆಂದಿದ್ದ ಇನ್ನೊಂದು ಸ್ಥಳವಿತ್ತು. ಬಾಡಿಗೆಯ ಗಾಡಿ ಮಾಡಿಕೊಂಡು ಶಿಗ್ಗಾವಿಯ ಹತ್ತಿರ ಹೆದ್ದಾರಿಯ ಬದಿಗಿರುವ ಗೊಟಗೋಡಿಗೆ ಹೋದೆವು. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಇರುವುದು ಈ ಊರಿನಲ್ಲಿಯೇ. ಕಲಾವಿದ ಟಿ. ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇರುವುದೂ ಇಲ್ಲಿಯೇ. ದೊಡ್ಡಾಟಕ್ಕೆ ಮರುಜೀವ ಕೊಡಲು ದುಡಿದ ಆ ಕಲಾವಿದರು 2020ರಲ್ಲಿ ತೀರಿಕೊಂಡರು. ಅವರು ಕಲ್ಪಿಸಿದ ಊರು ಮಾತ್ರ ನಿಂತಿದೆ. ಊರೆಂದೇ ಹೇಳಬೇಕು. ಆಳೆತ್ತರದ ಸಿಮೆಂಟಿನ ಜನರು ಹೊಲದಲ್ಲಿ, ಅಂಗಳದಲ್ಲಿ, ಕಟ್ಟೆಯ ಮೇಲೆ ತಮ್ಮ ತಮ್ಮ ಕೆಲಸದಲ್ಲಿದ್ದಾರೆ. ಎತ್ತುಗಳಿವೆ. ಮುಖದ ಸುಕ್ಕು, ಪಟಕದ ಮಡಿಕೆ, ಸೀರೆಯ ನೆರಿಗೆ, ಎಲ್ಲವೂ ನಮ್ಮ ಸೀಮೆಯವೇ. ಫಲಕದ ಹಂಗಿಲ್ಲದೆ ಯಾರು ಏನು ಮಾಡುತ್ತಿದ್ದಾರೆಂದು ತಿಳಿಯುತ್ತದೆ.

ಮನೆಗೆಲಸದಲ್ಲಿ ಬಾಗಿದ ಹೆಂಗಸರ ಪ್ರತಿಮೆಗಳ ಮುಂದೆ ನಾನು ನಿಂತುಬಿಟ್ಟೆ. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಸದ್ದಿಗೆ ನಾನು ಎಚ್ಚರಗೊಳ್ಳುತ್ತಿದ್ದೆ. ಹಾಗೆ ಬೇರೆಯವರ ಜೋಳವನ್ನು ಬೀಸಿಕೊಟ್ಟ ಕೂಲಿಯಿಂದಲೇ ಅಜ್ಜಿ ನನ್ನ ಶಾಲೆಯ ಪುಸ್ತಕಗಳನ್ನು ಕೊಂಡದ್ದು. ಇದನ್ನು ನಾನು ಮನೆಯಲ್ಲಿ ಎಂದೂ ಹೇಳಿರಲಿಲ್ಲ, ಸಂಕೋಚವೋ ಏನೋ! ಅಂದು ಹೇಳಿದೆ. ಹೆಂಡತಿ ಮಾತನಾಡಲಿಲ್ಲ. ಮಗಳು ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರ ನಮ್ಮ ಹಲಗಿ ಮ್ಯಾಲ ಬೀಸೂಕಲ್ಲು ಕೆತ್ತಸೂಣಪ್ಪಾ. ಮುತ್ತಜ್ಜಿ ಬಂದಿದ್ರ ಗುರ್ತು ಹಿಡೀತಿದ್ಲು" ಎಂದಳು.

ಮರಳಿ ಕುಂದಗೋಳಕ್ಕೆ ಬಂದು ಬಡಿಗರಿಗೆ ಅದನ್ನೇ ಹೇಳಿದೆವು. ಅವರು ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಗೂಟಸಹಿತ ಬೀಸುಕಲ್ಲನ್ನು ಬರೆದು, "ಮ್ಯಾಲ ಸೂರ್ಯಾಚಂದ್ರಾಮನ್ನ ನಾ ಹಾಕ್ತೀನ್ರಿ, ಅದಕ್ಕ ರೊಕ್ಕಾ ಬ್ಯಾಡ" ಎಂದರು.

ಒಂದು ತಿಂಗಳಲ್ಲಿ ಹಲಗೆ ಬಂತು. ಪೂರ್ವಕ್ಕೆ ಮೋರೆಮಾಡಿದ ಬಾಗಿಲ ಮೇಲೆ, ಎಳೆಬಿಸಿಲು ಬೀಳುವಂತೆ ಅದನ್ನು ಕೂಡಿಸಿದೆವು. ಪ್ಲಾಸ್ಟಿಕ್ ಅಕ್ಷರಗಳಿಗಿಂತ ನಾಲ್ಕು ಪಟ್ಟು ಖರ್ಚಾಯಿತೆಂಬುದನ್ನು ವಾಚಕರಿಂದ ಮುಚ್ಚಿಡುವುದಿಲ್ಲ. ಆದರೆ ಮೊನ್ನೆ ಓಣಿಯಲ್ಲಿ ತರಕಾರಿ ಮಾರುವ ಮುದುಕಿ ನಮ್ಮ ಮನೆಗೆ ಬಂದ ನೆಂಟರಿಗೆ ದಾರಿ ತೋರಿಸುತ್ತಿದ್ದುದನ್ನು ಕೇಳಿದೆ. ಅವಳಿಗೂ ಅಕ್ಷರ ಬಾರದು. "ಅಲ್ಲೇ ಮುಂದ ಹೋಗ್ರಿ" ಎನ್ನುತ್ತಿದ್ದಳು ಅವಳು, "ಬೀಸೂಕಲ್ಲಿನ ಮನಿ."