ಗಿಡ್ಡ ನಳಿಗೆಗೆ ಹದವಾದ ಈಡು: ದಿನಚರಿಯ ಪುಟಗಳು

8 ಜುಲೈ 2023, ಶನಿವಾರ. ದಕ್ಷಿಣ ಇಂಡಿಯಾನಾ

ಇಂದಿನಿಂದ ಈಡು, ಅಂದರೆ ಮದ್ದು, ಗುಂಡು, ಬಟ್ಟೆಗಳ ಸರಿಯಾದ ಜೋಡಣೆ, ಹುಡುಕುವ ಕೆಲಸ ಶುರು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, .50 ಕ್ಯಾಲಿಬರ್, ನಳಿಗೆ ಬರೀ 24 ಇಂಚು. ಒಳಗೆ ಗುಂಡನ್ನು ಸುತ್ತಿಸುವ ತಿರುವುಗೆರೆ, 48 ಇಂಚಿಗೆ ಒಂದು ಸುತ್ತು. ರೇಂಜಿನ ಹಳಬರು 36, 42 ಇಂಚಿನ ಕೋವಿ ಹಿಡಿದವರು; ಇಷ್ಟು ಗಿಡ್ಡದರಲ್ಲಿ ಗುರಿ ನಿಲ್ಲದು ಅನ್ನುತ್ತಾರೆ. ನಾನು ಒಪ್ಪಲಾರೆ. ಜರ್ಮನಿಯ ಕಾಡಿನ ಬೇಟೆಗಾರರ ಯೇಗರ್ ಕೋವಿಗಳ ನಳಿಗೆ ಸುಮಾರು 30 ಇಂಚಿನದು. ಅಲ್ಲಿಂದ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಕಸುಬುದಾರರ ಕೈಯಲ್ಲಿ ಅದು ಬೆಳೆದು ಉದ್ದವಾಯಿತು. ಗುರಿ ಕೆಟ್ಟ ಕೋವಿಯನ್ನು ಬೇಟೆಯ ಜನ ತಲೆಮಾರುಗಟ್ಟಲೆ ಹೊರುವುದಿಲ್ಲ.

ಸೆಪ್ಟೆಂಬರಿನಲ್ಲಿ ಫ್ರೆಂಡ್‌ಶಿಪ್ ಎಂಬ ಊರಿನ ವಾಲ್ಟರ್ ಕ್ಲೈನ್ ರೇಂಜಿನಲ್ಲಿ ರಾಷ್ಟ್ರೀಯ ಪಂದ್ಯ. 1933ರಲ್ಲಿ ಹುಟ್ಟಿದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಅದನ್ನು ನಡೆಸುತ್ತದೆ. ಅಷ್ಟರೊಳಗೆ ಈಡು ಹದಕ್ಕೆ ಬರಬೇಕು. ಕಟ್ಟುನಿಟ್ಟು ಒಂದೇ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಮದ್ದು ಬದಲಿಸಿದ ದಿನ ಗುಂಡಿಗೆ ಸುತ್ತುವ ಬಟ್ಟೆ ಮುಟ್ಟುವುದಿಲ್ಲ, ಬಟ್ಟೆ ಬದಲಿಸಿದ ದಿನ ಗುಂಡು ಮುಟ್ಟುವುದಿಲ್ಲ.

9 ಜುಲೈ, ಭಾನುವಾರ

ಮನೆಯಲ್ಲೇ ಕೂತು ಲೆಕ್ಕ ಹಾಕಿದೆ. ಉರುಟು ಗುಂಡೋ, ಶಂಕುಗುಂಡೋ? ಬ್ರಿಟನ್ನಿನ ಗಣಿತಜ್ಞ ಆಲ್‌ಫ್ರೆಡ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರ ಇನ್ನೂ ಕೆಲಸಕ್ಕೆ ಬರುತ್ತದೆ: ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಉದ್ದದಿಂದ ಭಾಗಿಸಿದರೆ ಎಷ್ಟು ಇಂಚಿಗೆ ಒಂದು ಸುತ್ತು ಸಾಕೆಂದು ತಿಳಿಯುತ್ತದೆ. .490 ಇಂಚಿನ ಉರುಟು ಗುಂಡಿಗೆ ವ್ಯಾಸವೂ ಉದ್ದವೂ ಒಂದೇ, ಉತ್ತರ 73.5. ಅರ್ಧ ಇಂಚು ದಪ್ಪ, ಒಂದು ಇಂಚು ಉದ್ದದ ಶಂಕುಗುಂಡಿಗೆ 37.5. ನನ್ನ ನಳಿಗೆಯ 48 ಇವೆರಡರ ನಡುವೆ ಬೀಳುತ್ತದೆ. ಅಂದರೆ ಉರುಟು ಗುಂಡಿಗೆ ಈ ತಿರುವು ಧಾರಾಳ, ಉದ್ದ ಗುಂಡಿಗೆ ಸಾಲದು. ನಳಿಗೆ ಗಿಡ್ಡ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗುಂಡು ಬಾಯಿ ದಾಟುವಾಗ ಎಷ್ಟು ವೇಗವಾಗಿ ಸುತ್ತುತ್ತಿದೆ ಅನ್ನುವುದಷ್ಟೇ ಮುಖ್ಯ. ಉರುಟು ಗುಂಡೇ ಗಟ್ಟಿ ಮಾಡಿದೆ. ಮೆದು ಸೀಸದ್ದು, ತೂಕ ಸುಮಾರು 177 ಗ್ರೇನ್.

22 ಜುಲೈ, ಶನಿವಾರ

ಇಂದು ಮದ್ದಿನ ಸರದಿ. 50 ಗಜ ದೂರ, ಕೋವಿಯನ್ನು ಮರಳು ಚೀಲದ ಮೇಲೆ ಕೂರಿಸಿ ಹೊಡೆದೆ. 40 ಗ್ರೇನಿನಿಂದ ಶುರುಮಾಡಿ ಐದೈದು ಏರಿಸುತ್ತ ಹೋದೆ. ದಪ್ಪ ಹರಳಿನ 2ಎಫ್ ಮದ್ದು ನಿಧಾನ ಉರಿಯುತ್ತದೆ, ಸಣ್ಣ ಹರಳಿನ 3ಎಫ್ ಬೇಗ. ಗಿಡ್ಡ ನಳಿಗೆಯಲ್ಲಿ ಉರಿಯಲು ಸಿಗುವ ದಾರಿಯೇ ಕಡಿಮೆಯಾದ್ದರಿಂದ 3ಎಫ್ ಇಲ್ಲಿ ಒಗ್ಗಿತು. 55ರಲ್ಲಿ ತೂತುಗಳು ಒಂದರ ಪಕ್ಕ ಒಂದು ಕೂತವು. 70 ದಾಟಿದ ಮೇಲೆ ತೂತುಗಳ ಗುಂಪು ಚದುರಿತು, ಹೆಗಲಿಗೆ ಒದೆತ ಬಿತ್ತು, ನಳಿಗೆಯ ಬಾಯಲ್ಲಿ ಬೆಂಕಿ ಹೆಚ್ಚಿತು. ಆ ಬೆಂಕಿ ಎಂದರೆ ನಳಿಗೆಯ ಹೊರಗೆ ಉರಿದು ಹಾಳಾದ ಮದ್ದು. ಗುಂಡಿಗೆ ಅದರಿಂದ ಏನೂ ಸಿಗುವುದಿಲ್ಲ.

ಪ್ರತಿ ಈಡಿನ ಮಧ್ಯೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆಯಿಂದ ನಳಿಗೆ ಒರೆಸುವುದನ್ನು ಬಿಡಕೂಡದು. ಕಪ್ಪು ಮದ್ದು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದ ಮೇಲೆ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಗೆಯೂ ಮಸಿಯೂ ಆಗಿ ಉಳಿಯುತ್ತದೆ. ಮೊದಲ ಈಡು ಹೊಡೆದ ನಳಿಗೆಯೂ ಐದನೆಯದು ಹೊಡೆಯುವ ನಳಿಗೆಯೂ ಒಂದೇ ಥರ ಇರಬೇಕೆಂದರೆ ಒರೆಸುವುದೊಂದೇ ದಾರಿ.

5 ಆಗಸ್ಟ್, ಶನಿವಾರ

ಇಡೀ ಬೆಳಿಗ್ಗೆ ಬಟ್ಟೆ ಓದಿದೆ. ಗುಂಡನ್ನು ಸುತ್ತಿ ತುರುಕುವ ಪ್ಯಾಚ್ ಬಾಯಿ ದಾಟಿದ ಕೂಡಲೇ ಗುಂಡಿನಿಂದ ಬೇರೆಯಾಗಿ, ಕೆಲವು ಮಾರು ಮುಂದೆ ಹುಲ್ಲಿನಲ್ಲಿ ಬೀಳುತ್ತದೆ. ರೇಂಜಿನಲ್ಲಿ ಎಲ್ಲರೂ ಕೋವಿ ಕೆಳಗಿಟ್ಟ ಮೇಲೆ ಹೋಗಿ ಹೆಕ್ಕಿ ತಂದು ಮೇಜಿನ ಮೇಲೆ ಸಾಲಾಗಿ ಹರಡಿದೆ.

.010 ಇಂಚಿನ ತೆಳು ಬಟ್ಟೆಯ ನಡುವೆ ಬೆರಳು ತೂರುವಷ್ಟು ತೂತು, ಅಂಚು ಕರಕಲು. ಬಿಸಿ ಅನಿಲ ಗುಂಡಿನ ಪಕ್ಕದಿಂದ ನುಗ್ಗಿದೆ ಎಂದರ್ಥ. ದಿಂಬಿನ ಗವಸಿಗೆ ಬಳಸುವ .015 ಇಂಚಿನ ಒತ್ತು ನೇಯ್ಗೆಯ ಹತ್ತಿ ಬಟ್ಟೆಯ ಕಥೆಯೇ ಬೇರೆ. ನಡುವೆ ಬೂದು ಬಣ್ಣದ ಇಡೀ ಬೊಟ್ಟು, ಅದರ ಸುತ್ತ ತಿರುವುಗೆರೆ ಒತ್ತಿದ ಕಪ್ಪು ಗೀರುಗಳು ಸಮದೂರದಲ್ಲಿ, ಅಂಚಿನಲ್ಲಿ ಮಾತ್ರ ಎಳೆ ಬಿಟ್ಟಿದೆ. ತೊಳೆದು ಒಣಗಿಸಿದರೆ ಮತ್ತೆ ಬಳಸಬಹುದೇನೋ ಅನ್ನುವಷ್ಟು ಗಟ್ಟಿ. ಜೇನುಮೇಣ, ಆಲಿವ್ ಎಣ್ಣೆ ಕಾಯಿಸಿ ಬೆರೆಸಿದ ಜಿಡ್ಡು ಇದಕ್ಕೆ ಸಾಕು. ಗುರಿಹಾಳೆ ಹೇಳುವುದಕ್ಕಿಂತ ಮೊದಲೇ ಹುಲ್ಲಿನಲ್ಲಿ ಬಿದ್ದ ಈ ಚಿಂದಿ ಈಡಿನ ಗುಣ ಹೇಳಿಬಿಡುತ್ತದೆ.

ಗುಂಡನ್ನು ಒಳಗೆ ದೂಡುವ ಕೋಲಿನ ಮೇಲೆ ಗೆರೆ ಕೊರೆದೆ. ಗುಂಡು ಮದ್ದಿನ ಮೇಲೆ ಒತ್ತಿ ಕೂತಾಗ ಗೆರೆ ಬಾಯಿಗೆ ಸರಿಯಾಗಿ ಬರಬೇಕು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಸೀಳಬಹುದು. ಇದರಲ್ಲಿ ರಿಯಾಯಿತಿಯೇ ಇಲ್ಲ.

19 ಆಗಸ್ಟ್, ಶನಿವಾರ

ಗಿಡ್ಡ ಕೋವಿಯ ನಿಜವಾದ ತೊಂದರೆ ಇರುವುದು ಕಣ್ಣಿನ ಲೆಕ್ಕದಲ್ಲಿ. ಗುರಿ ನೋಡುವ ಹಿಂದಿನ ಕಿಂಡಿಗೂ ನೊಣ ಎನ್ನುವ ಮುಂದಿನ ಗುರಿಮೊನೆಗೂ ನಡುವೆ 45 ಸೆಂಟಿಮೀಟರ್ ಇದ್ದರೆ, ಗುರಿ ಹಿಡಿಯುವಾಗ ಒಂದು ಮಿಲಿಮೀಟರ್ ತಪ್ಪಿದರೂ 50 ಗಜದಲ್ಲಿ ಗುಂಡು ಸುಮಾರು 10 ಸೆಂಟಿಮೀಟರ್ ಆಚೆ ಹೋಗುತ್ತದೆ. ಆ ಅಂತರ 75 ಸೆಂಟಿಮೀಟರ್ ಇದ್ದರೆ ತಪ್ಪು 6 ಸೆಂಟಿಮೀಟರಿಗೆ ಇಳಿಯುತ್ತದೆ. ಈ ವ್ಯತ್ಯಾಸವನ್ನು ಜನ ಮದ್ದಿನ ತಲೆಗೆ ಕಟ್ಟಿ, ಇನ್ನೂ ಹತ್ತು ಗ್ರೇನ್ ಸುರಿಯುತ್ತಾರೆ. ನಾನು ನೊಣವನ್ನು ತೆಳ್ಳಗಿನದಕ್ಕೆ ಬದಲಿಸಿದೆ, ಕಿಂಡಿಯ ಎರಡೂ ಕಡೆ ಸಮನಾಗಿ ಬೆಳಕು ಕಾಣುವ ಹಾಗೆ. ಈಡು ಹಾಗೇ ಇತ್ತು, ಗುಂಪು ಎರಡು ಇಂಚಿಗೆ ಇಳಿಯಿತು.

3 ಸೆಪ್ಟೆಂಬರ್, ಭಾನುವಾರ

ಊರಲ್ಲಿ ಇಂದು ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬ. ಕೊಡಗಿನ ಮನೆಯಲ್ಲಿ ಕೋವಿಗಳಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡಿದ್ದಾರೆ. ಕಡಂಬಿಟ್ಟು, ಪಂದಿಕರಿಯ ಊಟ ಆದ ಮೇಲೆ ಗದ್ದೆಯಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. ಕೋವಿ ಅಲ್ಲಿ ಮನೆಯ ಗೌರವ. ಅಂಥ ಮನೆಯಿಂದ ಬಂದವರಿಗೆ ಅದನ್ನು ಸರಿಯಾಗಿ ತುಂಬುವುದೂ ಗೌರವದ ಭಾಗವೇ.

ಫೋನ್ ಮಾಡಿದ ತಮ್ಮ ನನ್ನ ಈಡಿನ ಲೆಕ್ಕ ಕೇಳಿದ. ಮನೆಯ ಹಳೆಯ ಕೇಪಿನ ಕೋವಿಗೆ ಹಾಕಿ ನೋಡುತ್ತಾನಂತೆ. ಬೇಡ ಎಂದೆ. ಅದು ಚರೆ ಹೊಡೆಯುವ ನುಣುಪು ನಳಿಗೆ. ತಿರುವುಗೆರೆಯಿಲ್ಲ, ಒಳಗಿನ ತುಕ್ಕು ಯಾರೂ ನೋಡಿಲ್ಲ. ಮೊದಲು ಬಲ್ಲವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು.

ಪುಸ್ತಕದಲ್ಲಿ ಬರೆದಿಟ್ಟದ್ದು: 3ಎಫ್ ಕಪ್ಪು ಮದ್ದು 55 ಗ್ರೇನ್, .490 ಉರುಟು ಗುಂಡು, .015 ಹತ್ತಿ ಬಟ್ಟೆ, ಮೇಣ-ಎಣ್ಣೆಯ ಜಿಡ್ಡು, 11ನೇ ನಂಬರಿನ ಕೇಪು, ಪ್ರತಿ ಈಡಿಗೂ ಒರೆಸುವುದು. ಇದು ಈ ಒಂದು ಕೋವಿಯ ಈಡು. ಮುಂದೆ ಈ ಪುಟ ಓದುವವರು ಬೇರೆ ಕೋವಿಗೆ ಇದನ್ನು ಎತ್ತಿಕೊಳ್ಳಬೇಡಿ. ಕೋವಿ ಮಾಡಿದವರು ಹೇಳಿದ ಮಿತಿಯೊಳಗೆ ಕೆಳಗಿನಿಂದ ಶುರುಮಾಡಿ, ಅಳತೆಯ ಡಬ್ಬಿಯಿಂದಲೇ ಮದ್ದು ಸುರಿಯಿರಿ, ಹೊಗೆಯಿಲ್ಲದ ಆಧುನಿಕ ಮದ್ದನ್ನು ಹತ್ತಿರವೂ ತರಬೇಡಿ, ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡಿ.