ನಾನು ಹಾಕಿದ ರುಜು

ಮೂವತ್ತೈದು ವರ್ಷಕಾಲ ಶಾಲೆಯ ಹಾಜರಿ ಪುಸ್ತಕದಲ್ಲಿ ಪ್ರತಿದಿನವೂ ರುಜು ಹಾಕಿದವನಾದ್ದರಿಂದ, ರುಜು ಹಾಕುವುದಕ್ಕಿಂತ ಸುಲಭವಾದ ಕೆಲಸ ಮತ್ತೊಂದಿಲ್ಲವೆಂದು ನಾನು ತಿಳಿದಿದ್ದೆನು. ಕೆಲವು ರುಜುಗಳು ಹಾಕಿದವನ ಹಿಂದೆಯೇ ಮನೆಯವರೆಗೂ ನಡೆದು ಬರುತ್ತವೆಯೆಂಬುದು, ನಿವೃತ್ತನಾಗಿ ಬಸವನಗುಡಿಯ ಮನೆಯಲ್ಲಿ ಸುಖವಾಗಿ ಕುಳಿತ ಮೇಲೆ ನನಗೆ ಗೊತ್ತಾಯಿತು.

೨೦೨೨ರ ವರಮಹಾಲಕ್ಷ್ಮಿಯ ಹಬ್ಬದ ಹಿಂದಿನ ದಿನ ನಮ್ಮ ಮನೆಯಾಕೆ ಹೂವು ತರುವುದಕ್ಕೆಂದು ಗಾಂಧಿಬಜಾರಿಗೆ ಹೋದಳು. ಹಬ್ಬದ ಮುನ್ನಾದಿನ ಗಾಂಧಿಬಜಾರು ಹೇಗಿರುತ್ತದೆಂದು ಬೆಂಗಳೂರಿನ ವಾಚಕರಿಗೆ ಹೇಳಬೇಕಾದದ್ದಿಲ್ಲ. ಪರಸ್ಥಳದವರಿಗೆ ಹೇಳಿದರೆ ನಂಬುವುದಿಲ್ಲ. ಬಾಳೆಕಂದಿನ ರಾಶಿ, ಮಾವಿನ ಸೊಪ್ಪಿನ ಹೊರೆ, ನೀರಿನ ತೊಟ್ಟಿಗಳಲ್ಲಿ ತಾವರೆಯ ಮೊಗ್ಗು, ಸೇವಂತಿಗೆಯ ಗುಡ್ಡ. ಕಾಲುಹಾದಿಯ ಮೇಲೆ ಬುಟ್ಟಿಗಳು; ಬುಟ್ಟಿಗಳ ಮುಂದೆ ನಿಲ್ಲಿಸಿದ ಸ್ಕೂಟರುಗಳು; ಅವುಗಳ ಆಚೆ ಕಾರುಗಳು. ನಡೆಯುವವರಿಗೆ ಉಳಿಯುವುದು ಮೋರಿಯ ಮೇಲಿನ ಚಪ್ಪಡಿ ಮಾತ್ರ. ಆ ಚಪ್ಪಡಿಗಳಲ್ಲೊಂದು ಅಲುಗುತ್ತಿದ್ದಿತು. ಆಕೆ ಬಿದ್ದಳು, ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ಮೊದಲು ಓಡಿಬಂದು ಎತ್ತಿದವಳು, ನಾವು ಇಪ್ಪತ್ತು ವರ್ಷದಿಂದ ಹೂವು ಕೊಳ್ಳುತ್ತಿದ್ದ ಹೂವಿನಾಕೆ. ತನ್ನ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಹಬ್ಬದ ವ್ಯಾಪಾರದ ಹೊತ್ತಿನಲ್ಲಿ, ಆಟೋದಲ್ಲಿ ಮನೆಯವರೆಗೂ ಬಂದು ಬಿಟ್ಟುಹೋದಳು.

ಆರು ವಾರ ಕೈಗೆ ಕಟ್ಟು. ಆ ಆರು ವಾರ ನಾನು ಮಾಡಿದ ಸಾರಿನ ವಿಷಯವನ್ನು ಇಲ್ಲಿ ಎತ್ತುವುದು ಅನಾವಶ್ಯಕ. ಅದನ್ನು ಉಣ್ಣುತ್ತಿದ್ದ ಕಾಲದಲ್ಲಿಯೇ ಎದುರುಮನೆಯ ರಾಯರು ಒಂದು ಮನವಿಪತ್ರವನ್ನು ತಂದರು. ಪಾದಚಾರಿಗಳ ದಾರಿಯನ್ನು ಎಲ್ಲ ಬಗೆಯ ಒತ್ತುವರಿಗಳಿಂದಲೂ ತೆರವು ಮಾಡಿಸಿಕೊಡಬೇಕೆಂಬುದು ಅದರ ಸಾರಾಂಶ. ನಾನು ಓದಿ, ಎರಡು ಕಡೆ ಕಾಗುಣಿತವನ್ನು ತಿದ್ದಿ, ದಪ್ಪಕ್ಷರದಲ್ಲಿ ರುಜು ಹಾಕಿ, ಕೆಳಗೆ ‘ನಿವೃತ್ತ ಉಪಾಧ್ಯಾಯ’ ಎಂದು ಬರೆದೆನು. ಒತ್ತುವರಿಯೆಂಬ ಆ ಮಾತಿನೊಳಗೆ ನನ್ನ ಹೆಂಡತಿಯನ್ನು ಎತ್ತಿ ತಂದವಳ ಬುಟ್ಟಿಯೂ ಇದ್ದಿತೆಂಬುದು ಆಗ ನನ್ನ ಮನಸ್ಸಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ರುಜು ಹಾಕುತ್ತಿದ್ದೆನೋ ಏನೋ; ಮನೆಯಾಕೆ ಒಳಗೆ ನರಳುತ್ತಿದ್ದಳು.

ನಮ್ಮ ಬೀದಿಯವರಿಗೆ ಇಂಥ ವಿಷಯಗಳಲ್ಲಿ ಸ್ವಲ್ಪ ಅಭಿಮಾನವುಂಟು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು ೬.೭ ಕಿಲೋಮೀಟರು ಉದ್ದದ ಉಕ್ಕಿನ ಮೇಲ್ಸೇತುವೆ ಕಟ್ಟುವುದಕ್ಕಾಗಿ ೮೧೨ ಮರಗಳನ್ನು ಕಡಿಯುವರೆಂಬ ಸುದ್ದಿ ಹುಟ್ಟಿದಾಗ, ೨೦೧೬ರ ಅಕ್ಟೋಬರ್ ೧೬ರಂದು ಸಾವಿರಾರು ಜನ ಕೈಗೆ ಕೈ ಕೊಟ್ಟು ಸಾಲಾಗಿ ನಿಂತರಷ್ಟೆ. ಅವರಲ್ಲಿ ರಾಯರೂ ನಾನೂ ಇದ್ದೆವು. ಮರುವರ್ಷದ ಮಾರ್ಚಿಯಲ್ಲಿ ಸರ್ಕಾರದವರು ಆ ಸೇತುವೆಯನ್ನು ಕೈಬಿಟ್ಟರು. ಅಂದು ಸಾಲಿನಲ್ಲಿ ನಿಲ್ಲುವುದು ಎಷ್ಟು ಹಗುರವಾಗಿದ್ದಿತೆಂದು ಈಗ ನೆನೆಯುತ್ತೇನೆ. ಕಡಿಯುವವರು ಆಚೆ, ಉಳಿಸುವವರು ಈಚೆ. ನಮ್ಮ ಬಜಾರಿನ ಮಾತು ಬಂದಾಗ ಹಾಗಾಗಲಿಲ್ಲ.

ಗಾಂಧಿಬಜಾರಿನ ರಸ್ತೆಯಲ್ಲಿ ವಾಹನಗಳ ಭರಾಟೆಯನ್ನು ತಗ್ಗಿಸಿ, ನಡೆಯುವವರಿಗೆ ಹೆಚ್ಚು ಸ್ಥಳ ಕೊಟ್ಟು, ಹೊಸದಾಗಿ ಕಲ್ಲು ಹಾಸಬೇಕೆಂಬ ಯೋಜನೆ ನಮ್ಮ ಮನವಿಗೆ ಮೊದಲೇ ಇದ್ದಿತು. ನನ್ನ ರುಜುವಿನಿಂದಲೇ ಎಲ್ಲವೂ ನಡೆಯಿತೆಂದು ಹೇಳಿಕೊಳ್ಳುವಷ್ಟು ಅಹಂಕಾರ ನನಗಿಲ್ಲ. ಆದರೂ ೨೦೨೩ರಲ್ಲಿ ರಸ್ತೆಯನ್ನು ಅಗೆದು, ಬುಟ್ಟಿಯವರನ್ನು ಅಕ್ಕಪಕ್ಕದ ಬೀದಿಗಳಿಗೆ ಸರಿಸಿದಾಗ, ದಪ್ಪಕ್ಷರದ ಆ ಹೆಸರು ನನ್ನ ಕಣ್ಣಿನ ಮುಂದೆ ಬಂದಿತು.

ಆ ದಿನಗಳಲ್ಲಿ ನಮ್ಮ ಬಡಾವಣೆಯವರು ಒಂದು ಸಭೆ ಸೇರಿಸಿದರು. ಇಂಥ ಸಭೆಗೆ ವಾರ್ಡಿನ ಸದಸ್ಯರು ಅಧ್ಯಕ್ಷತೆ ವಹಿಸುವುದು ವಾಡಿಕೆ. ಆದರೆ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿ ೨೦೨೦ರ ಸೆಪ್ಟೆಂಬರ್ ೧೦ಕ್ಕೇ ಮುಗಿದಿದ್ದಿತು, ಚುನಾವಣೆ ಆಗಿರಲಿಲ್ಲ. (ಚುನಾವಣೆ ಆಗದೆಯೇ ೨೦೨೫ರಲ್ಲಿ ಆ ಪಾಲಿಕೆಯನ್ನು ಐದು ಪಾಲಿಕೆಗಳಾಗಿ ಹಂಚಿದರು.) ಹೀಗಾಗಿ ಬೈಯುವುದಕ್ಕೂ ಬೇಡುವುದಕ್ಕೂ ನಮ್ಮವರೆಂದು ಒಬ್ಬರಿರಲಿಲ್ಲ. ಇನ್ನು ನಗರದ ಮಹಾಯೋಜನೆಯೋ, ೨೦೦೭ರಲ್ಲಿ ಜಾರಿಗೆ ಬಂದು ೨೦೧೫ನೆಯ ಇಸವಿಯ ಹೆಸರು ಹೊತ್ತದ್ದು. ೨೦೩೧ಕ್ಕೆಂದು ಸಿದ್ಧಪಡಿಸಿ ೨೦೧೭ರಲ್ಲಿ ಜನರ ಮುಂದಿಟ್ಟ ಕರಡು ಹಿಂದಕ್ಕೆ ಹೋಗಿದ್ದಿತು. ಹಳೆಯ ಪಂಚಾಂಗವನ್ನು ಹಿಡಿದುಕೊಂಡು ಮದುವೆಗೆ ಮುಹೂರ್ತವಿಡುವಂತೆ ಊರು ಬೆಳೆಯುತ್ತಿದ್ದಿತು.

ಸಭೆಯಲ್ಲಿ ಅಂಗಡಿಯವರು ಮೊದಲು ಎದ್ದರು. ಕಾರು ನಿಲ್ಲಿಸಲು ಸ್ಥಳವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ, ಮೂರು ತಲೆಮಾರಿನ ವ್ಯಾಪಾರ ಮುಳುಗುತ್ತದೆ ಎಂದರು. ನಮ್ಮ ಕಡೆಯವರು, ಮುದುಕರೂ ಮಕ್ಕಳೂ ನಡೆಯುವುದು ಬೇಡವೇ ಎಂದರು. ರಾಯರು ನನ್ನ ಮನೆಯಾಕೆಯ ಕೈಯನ್ನು ಉದಾಹರಣೆಯಾಗಿ ಕೊಟ್ಟರು. ಎಲ್ಲರೂ ನನ್ನ ಕಡೆ ಕನಿಕರದಿಂದ ನೋಡಿದರು. ಅಡ್ಡರಸ್ತೆಯವರೊಬ್ಬರು, ಮುಖ್ಯರಸ್ತೆಯ ಸಂತೆಯನ್ನು ತಂದು ತಮ್ಮ ಬಾಗಿಲಿಗೆ ಸುರಿದರೆಂದು ಕೂಗಾಡಿದರು. ಆ ಮನುಷ್ಯರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಯಾರು ಹೇಳಿದ್ದರಲ್ಲಿಯೂ ಸುಳ್ಳಿರಲಿಲ್ಲವೆಂಬುದೇ ಕಷ್ಟವಾಗಿದ್ದಿತು. ಆದರೆ ಪ್ರತಿಯೊಬ್ಬರ ಊರೂ ಅವರವರ ಮನೆಯ ಗೇಟಿನಿಂದ ಹತ್ತು ಗಜದಲ್ಲಿ ಮುಗಿಯುತ್ತಿದ್ದಿತು, ನನ್ನದೂ ಅಷ್ಟೆ.

ಬಹಳ ವಯಸ್ಸಾದ ಒಬ್ಬರು ಎದ್ದು ಹಳೆಯ ಕಥೆಯನ್ನು ತೆಗೆದರು. ಬಸವನಗುಡಿಯ ಈ ನೆಲವೆಲ್ಲ ಸುಂಕೇನಹಳ್ಳಿಯ ಹೊಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಿಗೆ ಹೆದರಿದ ಜನರಿಗೆ ಆಶ್ರಯವಾದದ್ದು ಇಲ್ಲಿಯ ಅಗಲವಾದ ರಸ್ತೆಗಳು, ಗಾಳಿ ಬೆಳಕಿನ ನಿವೇಶನಗಳು, ಮನೆಗಳ ಹಿಂದೆ ಜಾಡಮಾಲಿಗಳು ಓಡಾಡುವುದಕ್ಕೆಂದು ಬಿಟ್ಟ ಓಣಿಗಳು. “ಹೊಲದವನನ್ನು ಅಂದು ಯಾವ ಸಭೆಗೆ ಕರೆದಿದ್ದರೋ ಕಾಣೆ. ಅವನು ಈಗ ಕಾರ್ತಿಕದ ಕಡೆಯ ಸೋಮವಾರ ದೊಡ್ಡ ಬಸವಣ್ಣನಿಗೆ ಕಡಲೆಕಾಯಿ ತಂದು ರಸ್ತೆಯ ಮೇಲೆ ಕುಳಿತುಕೊಳ್ಳುತ್ತಾನೆ. ಆಗ ನಾವು ಅದನ್ನು ಒತ್ತುವರಿ ಎನ್ನುವುದಿಲ್ಲ, ಪರಿಷೆ ಎನ್ನುತ್ತೇವೆ” ಎಂದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲೆ ಅಧಿಕಾರಿಯೊಬ್ಬರು ಗೋಡೆಯ ಮೇಲೆ ಒಂದು ನಕ್ಷೆಯನ್ನು ತೂಗುಹಾಕಿ ವಿವರಿಸಿದರು. ಸಭ್ಯರು, ತಾಳ್ಮೆಯುಳ್ಳವರು. ಹಸುರು ಬಣ್ಣದ ಮರಗಳು, ಕಲ್ಲು ಬೆಂಚುಗಳು. ದಾರಿಯ ಅಂಚಿನಲ್ಲಿ ಬುಟ್ಟಿಯವರಿಗೆಂದು ಹಳದಿ ಬಣ್ಣದ ಚೌಕಗಳು, ಒಂದೇ ಅಳತೆಯವು, ಸಾಲಾಗಿ. ಯಾರಿಗೂ ಅನ್ಯಾಯವಾಗುವುದಿಲ್ಲವೆಂದರು. ಸಭೆಯ ಹಿಂಭಾಗದಲ್ಲಿ ಗೋಡೆಗೆ ಒರಗಿ ನಿಂತಿದ್ದ ನಮ್ಮ ಹೂವಿನಾಕೆ ಮುಂದೆ ಬಂದು, ಆ ಚೌಕಗಳನ್ನು ಬಹಳ ಹೊತ್ತು ನೋಡಿ, “ಇದ್ರಲ್ಲಿ ನಂದು ಯಾವ್ದು ಸ್ವಾಮಿ?” ಎಂದು ಕೇಳಿದಳು.

ಗುರುತಿನ ಚೀಟಿ ಇದ್ದವರಿಗೆ ಕ್ರಮವಾಗಿ ಸ್ಥಳ ಕೊಡುವರೆಂದು ಅವರು ಉತ್ತರ ಹೇಳಿದರು. ಆಕೆಯ ಬಳಿ ಚೀಟಿಯಿರಲಿಲ್ಲ. ವ್ಯಾಪಾರಿಗಳನ್ನು ಎಣಿಸಿದ ದಿನಗಳಲ್ಲಿ ಆಕೆ ಮಗಳ ಬಾಣಂತನಕ್ಕೆ ಹೋಗಿದ್ದಳು. “ಚೀಟಿ ಇಲ್ದಿದ್ರೂ ಆ ಹೊಂಗೆ ಮರಕ್ಕೆ ಗೊತ್ತು ನಾನು ಅಲ್ಲೇ ಕೂರೋದು ಅಂತ” ಎಂದಳು. ಇದಕ್ಕೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ಅಧಿಕಾರಿಗಳು ಮುಂದಿನ ಪ್ರಶ್ನೆಗೆ ಹೋದರು. ನಾನು ಎದ್ದು ಏನಾದರೂ ಹೇಳಬಹುದಾಗಿದ್ದಿತು, ಹೇಳಲಿಲ್ಲ. ಮನವಿಪತ್ರ ಮೇಜಿನ ಮೇಲೆಯೇ ಇದ್ದಿತು.

ಮನೆಗೆ ಬಂದು ಮನೆಯಾಕೆಗೆ ನಡೆದದ್ದನ್ನೆಲ್ಲ ಹೇಳಿದೆನು. ಆಕೆ ಕೇಳಿ, “ದಾರಿ ಸರಿಯಾಗಬೇಕೆಂದರೆ ಚಪ್ಪಡಿ ಸರಿಮಾಡಿಸಬೇಕಾಗಿತ್ತು. ನಾನು ಎಡವಿದ್ದು ಚಪ್ಪಡಿಗಲ್ಲವೇ? ಅವಳ ಬುಟ್ಟಿಗಲ್ಲವಲ್ಲ” ಎಂದಳು. ಅಷ್ಟು ಜನ ಮೂರು ಗಂಟೆ ಮಾತನಾಡಿದ ಸಭೆಯಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ. ಸ್ಕೂಟರುಗಳ ಮಾತನ್ನಂತೂ ಎತ್ತಿರಲೇ ಇಲ್ಲ. ಅವು ನಮ್ಮವೇ ಆಗಿದ್ದುವು.

೨೦೧೪ರಲ್ಲಿ ಕೇಂದ್ರಸರ್ಕಾರ ಬೀದಿ ವ್ಯಾಪಾರಿಗಳಿಗಾಗಿ ಒಂದು ಕಾಯಿದೆಯನ್ನೇ ಮಾಡಿದೆಯೆಂಬುದನ್ನು ನಾನು ಆ ವಾರ ಓದಿ ತಿಳಿದೆನು. ಎಣಿಕೆ ಮುಗಿದು ಪ್ರಮಾಣಪತ್ರ ಕೊಡುವವರೆಗೂ ಯಾರನ್ನೂ ಎಬ್ಬಿಸಕೂಡದು. ಬೇರೆ ಕಡೆಗೆ ಕಳುಹಿಸುವುದಾದರೆ ೩೦ ದಿನ ಮುಂಚಿತವಾಗಿ ತಿಳಿಸಬೇಕು. ಇವನ್ನೆಲ್ಲ ನೋಡಿಕೊಳ್ಳುವ ಸಮಿತಿಯಲ್ಲಿ ನೂರಕ್ಕೆ ೪೦ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಕಾಯಿದೆಯೇನೋ ಚೆನ್ನಾಗಿದೆ. ಇಪ್ಪತ್ತು ವರ್ಷ ನಮಗೆ ಮೊಳ ಹಾಕಿ ಹೂವು ಕೊಟ್ಟವಳಿಗೆ ಅದರ ವಿಷಯ ಗೊತ್ತಿರಲಿಲ್ಲ. ಇಷ್ಟು ಓದಿದವನೆನ್ನಿಸಿಕೊಂಡ ನನಗೂ ಗೊತ್ತಿರಲಿಲ್ಲ.

ಸ್ವಲ್ಪ ದಿನಗಳ ಮೇಲೆ ರಾಯರು ಎರಡನೆಯ ಮನವಿಪತ್ರವನ್ನು ತಂದರು. ಅಡ್ಡರಸ್ತೆಗಳಿಂದಲೂ ವ್ಯಾಪಾರಿಗಳನ್ನು ತೆಗೆಸಬೇಕೆಂದು. ಕಾಫಿ ಕೊಟ್ಟೆವು. ಈ ಸಾರಿ ನನ್ನಿಂದಾಗುವುದಿಲ್ಲವೆಂದು ಹೇಳಿದೆನು. ಕಾರಣ ಕೇಳಿದರು, ಸರಿಯಾಗಿ ಹೇಳಲಾರದೆ ತಡವರಿಸಿದೆನು. ಅವರು ಅರ್ಧ ಕಾಫಿಯನ್ನು ಬಿಟ್ಟು ಎದ್ದರು. ಆಮೇಲೆ ಬೆಳಗಿನ ವಾಯುಸಂಚಾರಕ್ಕೆ ನಾನೊಬ್ಬನೇ ಹೋಗುತ್ತಿದ್ದೇನೆ. ಮೂವತ್ತು ವರ್ಷದ ಸ್ನೇಹ. ಮನಸ್ಸಿಗೆ ನೋವಾಗುವುದಿಲ್ಲವೆಂದರೆ ಸುಳ್ಳಾದೀತು.

ಅವರು ಹೋದ ಮೇಲೆ ಮನೆಯಾಕೆ, “ಇದಕ್ಕೆ ಹಾಕಲಿಲ್ಲ, ಸರಿ. ಅದಕ್ಕೆ ಹಾಕಿದ್ದೀರಲ್ಲ?” ಎಂದಳು.

ಮರುದಿನ ಹೂವಿನಾಕೆಯನ್ನು ಹುಡುಕಿಕೊಂಡು ಹೋದೆನು. ಒಂದು ಅಡ್ಡರಸ್ತೆಯ ತಿರುವಿನಲ್ಲಿ, ಯಾರದೋ ಗೇಟಿನ ಪಕ್ಕದಲ್ಲಿ, ಅರ್ಧ ಬುಟ್ಟಿ ಮಲ್ಲಿಗೆ ಇಟ್ಟುಕೊಂಡು ಕುಳಿತಿದ್ದಳು. ನನ್ನನ್ನು ಕಂಡವಳೇ, “ಅಮ್ಮಾವ್ರ ಕೈ ಹೆಂಗೈತೆ ಮೇಷ್ಟ್ರೇ?” ಎಂದಳು. ನಾನು ಮನವಿಪತ್ರದ ವಿಷಯವನ್ನು ಹೇಳಿದೆನು. ಆಕೆ ಸಿಟ್ಟಾಗಲಿಲ್ಲ. “ಎಲ್ರೂ ಹಾಕಿದ್ರು, ನೀವೂ ಹಾಕಿದ್ರಿ” ಎಂದು ಎಲೆ ಬಿಡಿಸಿ ಎರಡು ಮೊಳ ಹೂವು ಕಟ್ಟಿದಳು. ನಾನು ಬಯಸಿದ್ದು ಸಿಟ್ಟನ್ನೋ ಏನೋ, ಆ ಮಾತು ಅದಕ್ಕಿಂತ ಹೆಚ್ಚು ಚುಚ್ಚಿತು.

ಕಛೇರಿಯಿಂದ ಅರ್ಜಿಯ ನಮೂನೆಯನ್ನು ತಂದು, ಅಲ್ಲಿಯೇ ಗೇಟಿನ ಕಟ್ಟೆಯ ಮೇಲೆ ಕುಳಿತು ತುಂಬಿದೆನು. ಹೆಸರು, ವಯಸ್ಸು, ಎಷ್ಟು ವರ್ಷದಿಂದ ವ್ಯಾಪಾರ. ‘ವ್ಯಾಪಾರ ಮಾಡುವ ಸ್ಥಳ’ ಎಂಬ ಸಾಲಿಗೆ ಬಂದಾಗ ಲೇಖನಿ ನಿಂತಿತು. ಅಡ್ಡರಸ್ತೆಯ ಹೆಸರು ಬರೆಯಲೇ ಎಂದು ಕೇಳಿದೆನು.

“ಹೊಂಗೆ ಮರದ ಕೆಳಗೆ ಅಂತ ಬರೀರಿ” ಎಂದಳು.

ಹಾಗೆಯೇ ಬರೆದು, ಕೆಳಗೆ ಆಕೆಯ ಹೆಬ್ಬೆಟ್ಟಿನ ಪಕ್ಕದಲ್ಲಿ ಸಾಕ್ಷಿಯೆಂದು ರುಜು ಹಾಕಿದೆನು.