ನಂಬರ್ ಹೇಳಿ ಮೇಡಂ

ಕಾಲು ಕಿಲೋ ಜೀರಿಗೆಯನ್ನೋ ಒಂದು ಜೊತೆ ಚಪ್ಪಲಿಯನ್ನೋ ಕೊಂಡು ಹಣ ಕೊಡಲು ನಿಂತಾಗ ತಮ್ಮ ಕಿವಿಗೆ ಮೊದಲು ಬೀಳುವ ಮಾತು ಯಾವುದು? ಬೆಲೆಯಂತೂ ಅಲ್ಲ. "ನಂಬರ್ ಹೇಳಿ ಮೇಡಂ" ಎಂಬುದು. ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ ನಾವು ಹತ್ತು ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸಿಬಿಡುತ್ತೇವೆ. ಏಕೆ ಎಂದು ಕೇಳಿದರೆ, ಸಂಖ್ಯೆಯಿಲ್ಲದೆ ಕಂಪ್ಯೂಟರ್ ಬಿಲ್ಲನ್ನೇ ಕೊಡುವುದಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. ಒಮ್ಮೆ ನನ್ನ ಮುಂದಿದ್ದ ಹಿರಿಯರೊಬ್ಬರು ತಮ್ಮಲ್ಲಿ ಮೊಬೈಲೇ ಇಲ್ಲವೆಂದರು. ಬಿಲ್ ಬರೆಯುವ ಹುಡುಗಿ ಒಂದು ಕ್ಷಣ ಯೋಚಿಸಿ ಒಂಬತ್ತನ್ನು ಹತ್ತು ಸಲ ಒತ್ತಿದಳು. ಕಂಪ್ಯೂಟರ್ ಮರುಮಾತಿಲ್ಲದೆ ಬಿಲ್ ಕೊಟ್ಟಿತು!

ಆ ಹುಡುಗಿಯನ್ನು ನಾನು ದೂರಲಾರೆ. ಆಕೆ ಹೇಳಿಕೊಟ್ಟದ್ದನ್ನು ಮಾಡುವವಳು. ಆದರೆ ಸಂಖ್ಯೆ ಕೊಡದಿದ್ದರೆ ಬಿಲ್ ಇಲ್ಲವೆಂದು ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಿನಲ್ಲಿಯೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿತ್ತು ಎಂಬುದನ್ನು ತಾವು ಅರಿತಿರುವುದು ಒಳಿತು.

ಅಂಗಡಿಯವರಿಗೆ ನಮ್ಮ ಮನೆಯ ಸಂಗತಿ ತಿಳಿಯುವುದು ಹೊಸತೇ ಎಂದು ತಾವು ಕೇಳಬಹುದು. ಖಂಡಿತ ಅಲ್ಲ. ನಮ್ಮ ಬೀದಿಯ ದಿನಸಿ ಅಂಗಡಿಯವರ ಉದ್ದರಿ ಪುಸ್ತಕದಲ್ಲಿ ನಮ್ಮ ಬದುಕೇ ಇತ್ತು: ಅಪ್ಪನ ಸಂಬಳ ತಡವಾದ ತಿಂಗಳು, ಅಜ್ಜಿ ಸಕ್ಕರೆ ಬಿಟ್ಟ ವಾರ, ನೆಂಟರು ಬಂದಿಳಿದ ದಿನ. ಆದರೆ ಅವರ ಮನೆಯ ಸಂಗತಿಯೂ ನಮಗೆ ಗೊತ್ತಿತ್ತು. ಅವರ ಮಗಳ ಮದುವೆ ಮುಂದೆ ಹೋದದ್ದನ್ನೂ, ಅವರ ಆಸ್ತಮಾವನ್ನೂ ನಾವು ಬಲ್ಲೆವು. ತಿಂಗಳ ಕೊನೆಯಲ್ಲಿ ಆ ಪುಸ್ತಕವನ್ನು ನಮ್ಮೆದುರಿಗೇ ತೆರೆದು ಸಾಲುಸಾಲಾಗಿ ಓದಿ ಹೇಳುತ್ತಿದ್ದರು. ತಪ್ಪಿದ್ದರೆ ಅಮ್ಮ ತಿದ್ದಿಸುತ್ತಿದ್ದಳು. ಅವರ ಅಕ್ಕಿಯಲ್ಲಿ ಕಲ್ಲು ಸ್ವಲ್ಪ ಹೆಚ್ಚೇ ಇರುತ್ತಿತ್ತೆಂಬುದು ಬೇರೆ ಮಾತು. ಇಂದಿನ ಪುಸ್ತಕ ಎಲ್ಲಿದೆ, ಯಾರು ಓದುತ್ತಾರೆ, ಯಾರ ಕೈಗೆ ದಾಟಿದೆ? ತಿದ್ದಿಸುವುದಾದರೂ ಯಾರ ಬಳಿ?

ನನ್ನ ಬಂಧುವೊಬ್ಬಳ ವಿಷಯ ಹೇಳುತ್ತೇನೆ. ಆಕೆ ಚೊಚ್ಚಲ ಬಸುರಿಯಾಗಿದ್ದಾಗ ಒಂದು ಮಳಿಗೆಯಲ್ಲಿ ಸಡಿಲ ಉಡುಪುಗಳನ್ನು ಕೊಂಡಳು. ರಿಯಾಯಿತಿ ಸಿಗುವುದೆಂದು ಸಂಖ್ಯೆಯ ಜೊತೆಗೆ ಹೆರಿಗೆಯ ತಿಂಗಳನ್ನೂ ಬರೆಸಿಕೊಂಡರು. ಐದನೆಯ ತಿಂಗಳಿನಲ್ಲಿ ಗರ್ಭ ನಿಲ್ಲಲಿಲ್ಲ. ಮನೆಯವರೆಲ್ಲ ಆಕೆಯ ಮುಂದೆ ತೊಟ್ಟಿಲೆಂಬ ಪದವನ್ನೂ ಆಡದೆ ದಿನ ಕಳೆದರು. ಬರೆಸಿದ್ದ ತಿಂಗಳು ಬಂದಾಗ ಮೊಬೈಲಿಗೆ ಅಭಿನಂದನೆಗಳು ಬಂದವು. ಬಳಿಕ ಆಕೆ ಹೆಸರನ್ನೇ ಕೇಳಿರದ ಕಂಪನಿಗಳಿಂದ ಮಗುವಿನ ಸೋಪು, ಮಗುವಿನ ವಿಮೆ. ಆರು ತಿಂಗಳಿಗೆ ಅನ್ನದ ಪುಡಿ. ಮೆಷಿನ್ನಿನ ಲೆಕ್ಕದಲ್ಲಿ ಆ ಮಗು ಬೆಳೆಯುತ್ತಲೇ ಇತ್ತು. "ಇವರಿಗೆಲ್ಲ ಅದನ್ನು ಹೇಳಿದವರು ಇದನ್ನೂ ಹೇಳಬಹುದಿತ್ತಲ್ಲ?" ಎಂದು ಆಕೆ ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ಏನನ್ನೂ ಹೇಳಿಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಗ್ರಾಹಕನು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಬೇರೆಯವರಿಗೆ ತಿಳಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ತೂಕದಲ್ಲಿ ಮೋಸ ಮಾಡುವುದೂ ಗುಟ್ಟನ್ನು ದಾಟಿಸುವುದೂ ಒಂದೇ ಜಾತಿಯ ಅನ್ಯಾಯವೆಂದು ನನ್ನ ಅಜ್ಜಿಯೂ ಹೇಳುತ್ತಿದ್ದಳೇನೋ.

ನ್ಯಾಯದ ಈ ಅರಿವು ಜನರಲ್ಲಿ ಬಹಳ ಗಟ್ಟಿಯಾಗಿದೆ. 1986ರಲ್ಲಿ ಕಾಹ್ನೆಮನ್, ನೆಚ್ ಮತ್ತು ಥೇಲರ್ ಎಂಬ ವಿದ್ವಾಂಸರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕೆನಡಾದ ಜನರಿಗೆ ಹೀಗೊಂದು ಪ್ರಶ್ನೆಯಿತ್ತು: ಹಿಮಪಾತದ ಮರುದಿನ ಅಂಗಡಿಯವನು ಹಿಮ ತೆಗೆಯುವ ಸಲಿಕೆಯ ಬೆಲೆಯನ್ನು 15 ಡಾಲರಿನಿಂದ 20ಕ್ಕೆ ಏರಿಸಿದರೆ ಸರಿಯೇ? ನೂರಕ್ಕೆ 82 ಮಂದಿ ಅನ್ಯಾಯವೆಂದರು. 2000ದಲ್ಲಿ ಅಮೆಜಾನ್ ಕಂಪನಿಯು ಒಂದೇ ಡಿ.ವಿ.ಡಿ.ಯನ್ನು ಬೇರೆಬೇರೆ ಜನರಿಗೆ ಬೇರೆಬೇರೆ ಬೆಲೆಗೆ ಮಾರಿದ್ದು ಬಯಲಾದಾಗ, ಅದು ಕೇವಲ ಪರೀಕ್ಷೆಯೆಂದು ಹೇಳಿ 6,896 ಗ್ರಾಹಕರಿಗೆ ಸರಾಸರಿ 3 ಡಾಲರ್ 10 ಸೆಂಟ್‌ಗಳಂತೆ ಹಣ ಹಿಂದಿರುಗಿಸಿತು. ಮೂರು ಡಾಲರು ದೊಡ್ಡ ಮೊತ್ತವಲ್ಲ. ಪಕ್ಕದ ಮನೆಯವನಿಗಿಂತ ಹೆಚ್ಚು ತೆತ್ತೆ, ಏಕೆಂದೂ ತಿಳಿಯದು ಎಂಬುದೇ ಚುಚ್ಚಿದ್ದು. ಸಂತೆಯಲ್ಲಿ ಚೌಕಾಸಿ ಮಾಡಿ ಸೋತವನಿಗೆ ಈ ನೋವಿಲ್ಲ. ಅಲ್ಲಿ ಇಬ್ಬರಿಗೂ ಮುಖವಿದೆ.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತರು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ. 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆನ್ನುತ್ತದೆ. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕರ್ತವ್ಯಗಳ ಪಾಲನೆಗೆ ಆಗ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು.

ಅಲ್ಲಿಯವರೆಗೆ ತಾವು ಮಾಡಬಹುದಾದದ್ದು ಇಷ್ಟು: ಬೇಡದ ಕರೆಗಳನ್ನು ತಡೆಯಲು 1909ಕ್ಕೆ ಕರೆಮಾಡಿ ನೋಂದಾಯಿಸಿರಿ, ಅಂಗಡಿಯ ಒತ್ತಾಯದ ಬಗ್ಗೆ ದೂರಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನನ್ನ ಬಂಧುವೂ ನೋಂದಾಯಿಸಿಕೊಂಡಳು. ಬಹುಪಾಲು ಸಂದೇಶಗಳು ನಿಂತವು. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಕೇಕಿನ ರಿಯಾಯಿತಿಯೊಂದು ಮಾತ್ರ ಹೇಗೋ ಬಂದಿತು.